ಆಮೆಗೊಬ್ಬರು ಸ್ಪಾನ್ಸರ್, ಹಲ್ಲಿಗೊಬ್ಬರು

ಪ್ರಾಣಿಗಳನ್ನು ಸಾಕುವುದು ಸುಲಭ, ಅವುಗಳ ಸ್ಪಾನ್ಸರ್‌ಗಳನ್ನು ಸಾಕುವುದೇ ಕಷ್ಟ. ಹಾಗಾಗಿ ನಮ್ಮಲ್ಲಿ ವಾರಕ್ಕೊಂದಾದರೂ ಪಜೀತಿ ನಡೆಯುತ್ತಲೇ ಇರುತ್ತದೆ.

ಬೆಂಗಳೂರಿನ ಬಿಳೇಕಹಳ್ಳಿಯ ಒಳಗೆ, ಮನೆಗಳ ನಡುವೆ ಹೇಗೋ ಉಳಿದುಕೊಂಡ ಸಪೋಟ ತೋಟವೊಂದರಲ್ಲಿ ನಮ್ಮ ಆಶ್ರಯಧಾಮವಿದೆ. ಹೊರದೇಶದ ಗಿಳಿ, ಆಮೆ, ಇಗುವಾನಾ ಎಂಬ ಮಾರುದ್ದದ ಹಸಿರು ಹಲ್ಲಿ, ಎಲ್ಲವೂ ಜನ ಆಸೆಪಟ್ಟು ತಂದು, ಆಮೇಲೆ ಬೇಜಾರಾಗಿ ಬಿಟ್ಟುಹೋದವು. ನಡೆಸುವವರು ಒಬ್ಬ ಡಾಕ್ಟರ್ ಮೇಡಂ. ಒಂದೊಂದು ಪ್ರಾಣಿಗೂ ಒಬ್ಬೊಬ್ಬ ಸ್ಪಾನ್ಸರ್. ಅವರೆಲ್ಲ ಸೇರಿ ಸಾರಕ್ಕಿ ಮಾರ್ಕೆಟ್ಟಿನಿಂದ ಸೊಪ್ಪು, ತರಕಾರಿ, ಹಣ್ಣು ಕಳಿಸುತ್ತಾರೆ. ಅವರು ಮುನಿಸಿಕೊಂಡರೆ ಇಲ್ಲಿ ಎಲ್ಲರಿಗೂ ಉಪವಾಸ. ಅವರು ಮುನಿಸಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಆಮೆಯ ಬೆನ್ನು

ನಮ್ಮ ಆಫ್ರಿಕದ ಆಮೆಯ ಸ್ಪಾನ್ಸರ್ ಸಾರಕ್ಕಿಯ ಹಳೇ ಊರಿನವರು. ಈಗ ಮೂರು ಬಿಲ್ಡಿಂಗಿನ ಓನರ್. ಮೊದಲ ದಿನವೇ ಆಮೆಯನ್ನು ಸುತ್ತುಹಾಕಿ ನನ್ನನ್ನು ಕೇಳಿದರು:

"ನಮ್ಮ ಹೆಸರು ಎಲ್ಲಿ ಬರೆಸ್ತೀರಾ ಮೇಡಂ?"

"ಗೇಟ್ ಹತ್ರ ಬೋರ್ಡಿದೆ ಅಣ್ಣ, ಅಲ್ಲಿ."

"ಬೋರ್ಡ್ ಯಾರು ಓದ್ತಾರೆ? ಇದರ ಬೆನ್ನು ಇಷ್ಟಗಲ ಖಾಲಿ ಬಿದ್ದೈತೆ. 'ಸೇವಾಕರ್ತರು' ಅಂತ ಬರೆಸಿ, ಕೆಳಗೆ ನಮ್ಮ ಅಪ್ಪಾಜಿ ಹೆಸರು ಹಾಕಿ. ದೇವಸ್ಥಾನದ ಫ್ಯಾನ್ ಮೇಲೆ ನಾವು ಹಂಗೇ ಬರೆಸಿರೋದು."

ಚಿಪ್ಪು ಕೂಡ ಮೈಯ ಭಾಗವೇ, ಬಣ್ಣ ಬಳಿದರೆ ಆಮೆಗೆ ತೊಂದರೆ ಎಂದು ಬಿಡಿಸಿ ಹೇಳಿದೆ. ಮನುಷ್ಯ ಒಳ್ಳೆಯವರು, ತಕ್ಷಣ ಒಪ್ಪಿಕೊಂಡರು.

"ಹಂಗಾದ್ರೆ ಬಿಡಿ, ಪಾಪ. ರೋಡಲ್ಲಿ ಒಂದು ಫ್ಲೆಕ್ಸ್ ಹಾಕಿಸ್ತೀನಿ. ಮೇಲೆ ದೊಡ್ಡದಾಗಿ ನನ್ನ ಫೋಟೋ. ಕೆಳಗೆ ಗುಂಡಗೆ, ಚಿಕ್ಕದಾಗಿ ಆಮೆದು."

"ಆಮೆ ಫೋಟೋ ಕೆಳಗೆ ಏನಂತ ಬರೆಸ್ತೀರಾ ಅಣ್ಣ?"

"ಇನ್ನೇನು? 'ಶುಭ ಕೋರುವವರು.'"

ಅಲ್ಲಾಡದ ವಿಡಿಯೋ

ಇಗುವಾನಾವನ್ನು ವಹಿಸಿಕೊಂಡವರು ಬಿಟಿಎಂನಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯ ದಂಪತಿ. ಆಫೀಸು ಬಿಟ್ಟು ಬರಲಾಗದು, ಆದ್ದರಿಂದ ತಿಂಗಳಿಗೊಂದು ವಿಡಿಯೋ ಕಳಿಸಬೇಕೆಂಬುದು ಅವರ ಕರಾರು. ಕಳಿಸಿದೆ. ಕೂಡಲೇ ಗಂಡನ ಫೋನು ಬಂತು.

"ಮೇಡಂ, ವಿಡಿಯೋ ಕೇಳಿದ್ರ ಫೋಟೋ ಕಳ್ಸೀರಲ್ರೀ."

"ವಿಡಿಯೋನೇ ಸಾರ್. ಅದು ಬಿಸಿಲು ಕಾಯಿಸ್ತಾ ಕೂತ್ರೆ ಅಲ್ಲಾಡಲ್ಲ."

"ಎರಡು ನಿಮಿಷದಾಗ ಕಣ್ಣೂ ಪಿಳುಕಿಸಿಲ್ಲ. ಜೀವ ಐತಿ ಅಂತ ನಮಗ ಹೆಂಗ ಗೊತ್ತಾಗ್ಬೇಕ್ರೀ?"

ಕೇಳುವ ಹಕ್ಕು ಅವರಿಗಿದೆ. ನಾನೂ ತಲೆ ಓಡಿಸಿ, ಆಫೀಸಿನ ಗೋಡೆ ಗಡಿಯಾರ ಬಿಚ್ಚಿ ತಂದು ಇಗುವಾನಾದ ಪಕ್ಕ ನಿಲ್ಲಿಸಿ ಹೊಸ ವಿಡಿಯೋ ಮಾಡಿದೆ. ಮುಳ್ಳು ಓಡುವುದು ಕಂಡರೆ ಫೋಟೋ ಅಲ್ಲವೆಂದು ನಂಬುತ್ತಾರಲ್ಲ! ಈ ಸಲ ಹೆಂಡತಿ ಫೋನು ಮಾಡಿದರು.

"ನೋಡಿದ್ವಿರೀ ಅಕ್ಕಾರ. ಗಡಿಯಾರ ಆರಾಮ ಐತಿ. ಹಲ್ಲಿ ಹೆಂಗೈತಿ?"

ಒಂದು ಗಿಳಿ, ಎರಡು ಮನೆ

ಇದರಲ್ಲಿ ತಪ್ಪು ನಮ್ಮದೇ. ನಮ್ಮಲ್ಲಿರುವ ನೀಲಿ-ಹಳದಿ ಮಕಾವ್ ಗಿಳಿ ನೋಡಲು ಸಖತ್ತಾಗಿದೆ. ಬಂದವರೆಲ್ಲ ಅದೇ ಬೇಕು ಅನ್ನುತ್ತಾರೆ. ಇಲ್ಲ ಅನ್ನಲಾರದೆ ಮೇಡಂ ಜಯನಗರದ ಒಂದು ಮನೆಗೂ ಹೂಂ ಅಂದಿದ್ದರು, ಜೆ.ಪಿ. ನಗರದ ಒಂದು ಮನೆಗೂ ಹೂಂ ಅಂದಿದ್ದರು. ಒಂದು ಭಾನುವಾರ ಎರಡೂ ಮನೆಯವರು ಒಂದೇ ಪಂಜರದ ಮುಂದೆ ನಿಂತರು.

"ಚಿನ್ನೂ!" ಅಂದರು ಈ ಆಂಟಿ.

"ಯಾರ್ರೀ ಚಿನ್ನು? ಇವಳು ನಮ್ಮ ಗೌರಿ!" ಅಂದರು ಆ ಆಂಟಿ.

ಇಬ್ಬರೂ ಮೇಡಂ ಕಡೆ ತಿರುಗಿದರು. ಮೇಡಂ ಕಣ್ಣು ಕೂಡ ಪಿಳುಕಿಸಲಿಲ್ಲ. "ಮನೇಲಿ ಕರೆಯೋ ಹೆಸರು ಬೇರೆ, ಸ್ಕೂಲಲ್ಲಿ ಹೆಸರು ಬೇರೆ ಇರಲ್ವಾ ಆಂಟಿ?" ಅಂದರು.

ತಪಾಸಣೆ

ಆ ಉತ್ತರ ಯಾರಿಗೂ ರುಚಿಸಲಿಲ್ಲ. ನಾನೂ ಇರುವ ಸ್ಪಾನ್ಸರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಗಲಾಟೆಯೋ ಗಲಾಟೆ. ಕೊನೆಗೆ, ಗುಂಪಿನಲ್ಲೇ ಇರುವ ಹನುಮಂತನಗರದ ನಿವೃತ್ತ ಮೇಷ್ಟ್ರೊಬ್ಬರು ಹೇಳದೆ ಕೇಳದೆ ಹೋಗಿ ನೋಡಿಬರಬೇಕು, ಅವರು ಸರಿ ಇಲ್ಲ ಅಂದರೆ ತರಕಾರಿ ಬಂದ್ ಎಂದು ತೀರ್ಮಾನವಾಯಿತು.

ಮೇಷ್ಟ್ರು ಬಂದರು. ಬಸ್ಸಿಳಿದು ನಡೆದು ಬರುವುದನ್ನು ನಾವು ದೂರದಿಂದಲೇ ಕಂಡಿದ್ದರಿಂದ ಎಲ್ಲ ಥಳಥಳ. ಪಂಜರದ ಮೂಲೆಗಳಲ್ಲಿ ಬೆರಳಾಡಿಸಿ ನೋಡಿದರು, ನೀರಿನ ಬಟ್ಟಲು ಎತ್ತಿ ಮೂಸಿದರು. "ಪರವಾಗಿಲ್ಲ, ಶಿಸ್ತಿದೆ" ಅಂದರು.

ಆಗ ಮೂಲೆಯ ಪಂಜರದಲ್ಲಿದ್ದ ಬೂದು ಬಣ್ಣದ ಆಫ್ರಿಕದ ಗಿಳಿ, ಥೇಟ್ ಮೇಡಂ ಗಂಟಲಲ್ಲಿ ಕೂಗಿತು:

"ಬಂದ್ರು! ಬಂದ್ರು! ಬೇಗ ಗುಡಿಸ್ರೋ!"

ಮೇಷ್ಟ್ರು ನಿಧಾನವಾಗಿ ಕನ್ನಡಕ ತೆಗೆದರು. "ಇದನ್ನ ಯಾರು ಕಲಿಸಿದ್ದು?"

"ಯಾರೂ ಕಲಿಸಿಲ್ಲ ಸಾರ್" ಅಂದರು ಮೇಡಂ.

"ಮೂವತ್ತು ವರ್ಷ ಪಾಠ ಮಾಡಿದೀನಮ್ಮ. ಕಲಿಸದೇ ಇಷ್ಟು ಚೆನ್ನಾಗಿ ಬರ್ಬೇಕು ಅಂದ್ರೆ ಎಷ್ಟು ಸಲ ಕಿವಿಗೆ ಬಿದ್ದಿರಬೇಕು!"

ನನಗೆ ಅಳುವೇ ಬಂದುಬಿಟ್ಟಿತು. "ಸಾರ್, ದಯವಿಟ್ಟು ತರಕಾರಿ ನಿಲ್ಲಿಸ್ಬೇಡಿ. ತಪ್ಪು ನಮ್ಮದು, ಅವಕ್ಕೆ ಯಾಕೆ ಶಿಕ್ಷೆ?" ಅಂದೆ.

ಮೇಷ್ಟ್ರು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ ಹೇಳಿದರು: "ನಿಲ್ಲಿಸಲ್ಲ. ಯಾರಾದ್ರೂ ಬಂದ್ರೆ ಮಾತ್ರ ಗುಡಿಸ್ತೀರಿ ಅಂತಾಯ್ತಲ್ಲ. ಹಾಗಾದ್ರೆ ನಾನು ದಿನಾ ಬರ್ತೀನಿ."

ಬಂದೇ ಬಂದರು. ಮೊದಲು ನಿಂತು ನೋಡುತ್ತಿದ್ದರು, ಆಮೇಲೆ "ಹಾಗಲ್ಲಮ್ಮ, ಮೂಲೆಯಿಂದ ಗುಡಿಸ್ಬೇಕು" ಎಂದು ಪೊರಕೆ ಕಿತ್ತುಕೊಂಡರು. ಈಗ ಗಿಳಿಗಳ ಕೋಣೆಯ ಪೂರ್ತಿ ಜವಾಬ್ದಾರಿ ಅವರದೇ. ಮಕಾವ್‌ಗೂ ಒಂದೇ ಮನೆ, ಒಂದೇ ಹೆಸರು ಎಂದು ಅವರೇ ಇತ್ಯರ್ಥ ಮಾಡಿಸಿದರು.

ಮೊನ್ನೆ ಭಾನುವಾರ, ಮೇಷ್ಟ್ರ ಉಸ್ತುವಾರಿ ಹೇಗಿದೆ ನೋಡೋಣವೆಂದು ಗುಂಪಿನವರೆಲ್ಲ ಹೇಳದೇ ಕೇಳದೇ ಗೇಟಿಗೆ ಬಂದರು. ಗಿಳಿಗಳ ಕೋಣೆಯಿಂದ ಜೋರಾಗಿ ಕೇಳಿಸಿತು: "ಬಂದ್ರು! ಬಂದ್ರು! ಬೇಗ ಗುಡಿಸ್ರೋ!"

ಮೇಡಂ ಓಡಿಹೋಗಿ "ಶ್! ಬಾಯಿ ಮುಚ್ಚು!" ಎಂದು ಗಿಳಿಯನ್ನು ಗದರಿದರು.

ಪಾಪ, ಗಿಳಿ ಬಾಯಿ ತುಂಬ ಪಪ್ಪಾಯ ಇಟ್ಟುಕೊಂಡು ಸುಮ್ಮನೆ ಕೂತಿತ್ತು. ಕೂಗಿದವರು ಮೇಷ್ಟ್ರು.