ಗೇಟಿನ ಬಳಿಯ ತಂಗಡಿ

ಬಲಿಪಾಡ್ಯಮಿಯ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿದೆ, ರಂಗೋಲಿ ಹಾಕಿದೆ, ಕೊಬ್ಬರಿ ಮಂಡಿಯ ಪೂಜೆಗೆಂದು ತಿಪಟೂರಿಗೆ ಹೊರಟ ಯಜಮಾನರಿಗೆ ಉಪ್ಪಿಟ್ಟು ಕೊಟ್ಟೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಹತ್ತು ಜನಕ್ಕಾಗುವಷ್ಟು ಡಿಕಾಕ್ಷನ್ ಇಳಿಸಿ ಗೇಟು ನೋಡುತ್ತ ಕುಳಿತೆ. ಯಾರನ್ನೂ ಕರೆದಿರಲಿಲ್ಲ. ಕರೆಯುವುದು ನನಗೆ ಬಾರದ ವಿದ್ಯೆ. ಕಾನ್ವೆಂಟಿನ ಸಿಸ್ಟರುಗಳು ಬಾಗಿಲು ತಟ್ಟುವ ರೀತಿ, ಚಮಚ ಹಿಡಿಯುವ ರೀತಿ ಎಲ್ಲ ಕಲಿಸಿದರು. ಬೇಲಿಯಾಚೆಯವರನ್ನು ಕೂಗಿ ಮಾತಿಗೆಳೆಯುವುದನ್ನು ಮಾತ್ರ ಕಲಿಸಲಿಲ್ಲ. ದಂಡಿನಶಿವರದ ಪಕ್ಕದ ಈ ಮನೆಗೆ ಬಂದು ಮೂರು ವರ್ಷವಾಯಿತು. ಹಗಲಿಡೀ ನನ್ನೊಂದಿಗೆ ಮಾತಾಡುವುದು ಕುಕ್ಕರು ಒಂದೇ.

ಅದಕ್ಕೇ ಒಂದು ಉಪಾಯ ಹೂಡಿದ್ದೆ. ಈ ಕಡೆ ಪಾಡ್ಯಮಿಯಂದು ಹೊಸ್ತಿಲಿಗೆ ಸಗಣಿ ಉಂಡೆಯಿಟ್ಟು ತಂಗಡಿ ಹೂ ಸಿಕ್ಕಿಸಲೇಬೇಕು. ತಂಗಡಿ ಅವರೆ, ತೊಗರಿಗಳ ಬಳಗದ್ದೇ; ಆದರೂ ಊರೊಳಗೆ ಸೇರದೆ, ಗುಡ್ಡದ ಕಲ್ಲುಬಾರೆಯಲ್ಲಿ ಒಂಟಿಯಾಗಿ ನಿಂತು ಹಳದಿಯಾಗಿ ಹೂ ಬಿಡುವ ಗಿಡ. ಅದು ನಮ್ಮ ಗೇಟಿನಲ್ಲೇ ಇದ್ದರೆ ಹೆಂಗಸರೆಲ್ಲ ಹೂ ಕೇಳಲು ಬರುತ್ತಾರೆ, ಬಂದವರು ಕಾಫಿ ಕುಡಿಯದೆ ಹೋಗುತ್ತಾರೆಯೇ! ಹೋದ ವರ್ಷ ಬೀಜ ಹಾಕಿದೆ. ತೆಂಗಿನ ಸೀಮೆಯ ಬುದ್ಧಿ ನೋಡಿ, ನೀರು ಹಾಯಿಸಿದರೆ ಎಲ್ಲವೂ ಆಗುತ್ತದೆಂಬ ನಂಬಿಕೆ. ತೆಂಗಿನ ಡ್ರಿಪ್ ಪೈಪಿನಿಂದ ಒಂದು ಕವಲು ಎಳೆದೆ, ಗೊಬ್ಬರ ಸುರಿದೆ, ಸಂಜೆ ಕುರ್ಚಿ ಹಾಕಿಕೊಂಡು ಅದರೊಂದಿಗೆ ಹರಟಿದೆ. ಗಿಡ ನನ್ನೆತ್ತರ ಬೆಳೆಯಿತು. ಎಲ್ಲ ಬರೀ ಎಲೆ. ಹೂ ಮೂರೇ ಗೊಂಚಲು. ಇರಲಿ, ತಲೆಗೊಂದು ಎಸಳು ಹಂಚಿದರೂ ಮಾತಿಗೆ ಸಾಕು ಎಂದುಕೊಂಡೆ.

ಎಂಟಾಯಿತು, ಒಂಬತ್ತಾಯಿತು. ಗೇಟಿನ ಚಿಲಕ ಅಲುಗಲಿಲ್ಲ. ಆಚೀಚೆ ಮನೆಗಳ ಹೊಸ್ತಿಲು ಆಗಲೇ ಹಳದಿಯಾಗಿತ್ತು. ನನ್ನ ಮೂರು ಗೊಂಚಲನ್ನು ನನ್ನ ಉಂಡೆಗಳಿಗೇ ಸಿಕ್ಕಿಸಿ, ಕಾಫಿಯನ್ನು ನಾಲ್ಕು ಲೋಟ ನಾನೇ ಕುಡಿದೆ. ಮಧ್ಯಾಹ್ನವೆಲ್ಲ ಎದೆ ಡವಡವ.

ಸಂಜೆ ಪಕ್ಕದ ಮನೆಯ ಗಂಗಮ್ಮ, ಕೊಂಬಿಗೆ ಬಣ್ಣ ಬಳಿದ ಹಸು ಹೊಡೆದುಕೊಂಡು ಹೋಗುತ್ತ ಗೇಟಿನ ಬಳಿ ನಿಂತರು.

"ಏನಕ್ಕಾರೆ, ಗಿಡ ಚೆಂದಾಗ್ ಸೊಕ್ಕೈತೆ, ಹೂವೇ ಇಲ್ವಲ್ರೀ!"

"ನೀವೆಲ್ಲ ಹೂ ಎಲ್ಲಿಂದ ತಂದಿರಿ?" ಎಂದೆ.

"ಬಾರೆಯಿಂದ ಕಣ್ರೀ. ಹೊತ್ತುಟ್ಟಕ್ ಮುಂಚೆ ಹೆಂಗಸ್ರೆಲ್ಲ ಒಟ್ಗೆ ಹೋಗಿದ್ವಿ, ನಕ್ಕೂ ನಕ್ಕೂ ಹೊಟ್ಟೆನೋವು ಬಂತು. ನಿಮ್ಮನ್ನೂ ಕೂಗಾನ ಅಂತ ಇಲ್ಲೀ ಗಂಟ ಬಂದಿದ್ದೆ. ಗಿಡ ನೋಡ್ದೆ. ಮನೇಲೇ ಮಡಿಕಂಡವ್ರೆ, ಇವ್ರಿಗ್ಯಾಕ್ ನಮ್ ಸಾವಾಸ, ಮಲಗ್ಲಿ ಬುಡು ಅಂತ ಹೊಂಟೋದೆ."