ಎರಡು ಬೆರಳು ಜಾಸ್ತಿಯಾದ ಗಾಜು

ನನಗೊಬ್ಬಳು ಸವತಿ ಇದ್ದಾಳೆ. ಬಿಳಿ ಬಣ್ಣ, ದುಂಡು ಮೈ, ವಯಸ್ಸಾಗಿದ್ದರೂ ದಿನಾಲೂ ಜಳಕ. ಹೆಸರು ಅಂಬಾಸಿಡರ್. ನಮ್ಮ ಮನೆಯವರು, ಅಂದರೆ ಭಗವಂತರಾಯರು, ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದಾಗ ಅಲ್ಲಿನ ಹಳೇ ಕಾರನ್ನು ಹರಾಜಿನಲ್ಲಿ ಹಿಡಿದು ಶಹಾಪುರದ ನಮ್ಮ ಓಣಿಗೆ ತಂದರು. ಅಂದಿನಿಂದ ನನ್ನ ಹಳೇ ಸೀರೆಗಳೆಲ್ಲ ಅವಳ ಮೈ ಒರೆಸುವುದಕ್ಕೇ ಹೋಗುತ್ತವೆ. (ಹಳೆಯದಾಗುವ ಮೊದಲೇ ಎರಡು ಹೋಗಿವೆ.)

ಆದರೂ ನಾನು ಅವಳ ಕೇಡು ಬಯಸಿದವಳಲ್ಲ. ಆ ಬುಧವಾರ ಅಮಾವಾಸ್ಯೆಯೆಂದು ಅವಳ ದೃಷ್ಟಿ ತೆಗೆಯಲು ಹೋದದ್ದೂ ಒಳ್ಳೆಯ ಮನಸ್ಸಿನಿಂದಲೇ. ನಮ್ಮ ಅತ್ತೆ ಮರಿಲಿಂಗಮ್ಮನವರ ಕಣ್ಣಿನ ಪೊರೆ ತೆಗೆಸಿ ಆಗ ಎಂಟು ದಿನವಾಗಿತ್ತು. ಆಪರೇಷನ್ನಿಗೆ ಅವರನ್ನು ಒಳಗೆ ಕರೆದುಕೊಂಡು ಹೋದಾಗ ನಾನು ಹೊರಗೆ ಕೂತು, 'ಅತ್ತೆಗೆ ಕಣ್ಣು ಬರಲಿ, ಅಮಾವಾಸ್ಯೆ ಕಳೆದ ಮೊದಲ ಸೋಮವಾರ ಕೊಡೇಕಲ್ಲಿನ ನಿನ್ನ ಗುಡಿಗೆ ಕರೆದುಕೊಂಡು ಬರುತ್ತೇನೆ' ಎಂದು ಬಸವಣ್ಣನಿಗೆ ಬೇಡಿಕೊಂಡಿದ್ದೆ. ಡಾಕ್ಟರು ಕರೀ ಕನ್ನಡಕ ಕೊಟ್ಟು, ಕಣ್ಣಿಗೆ ಗಾಳಿ, ಧೂಳು ಬಡಿಯಬಾರದು ಎಂದಿದ್ದರು. ಬಸ್ಸಿನ ಮಾತೇ ಇಲ್ಲ. ನನ್ನ ಹರಕೆ ತೀರಿಸಬೇಕಾದವಳು ಸವತಿಯೇ. ಅಂಥವಳನ್ನು ಎದುರುಮನೆಯ ಮಲ್ಕಪ್ಪ ಹಿಂದಿನ ದಿನವಷ್ಟೇ ಕಣ್ತುಂಬ ನೋಡಿ, "ಕಾಕಾ, ಮದುಮಗಳು ಕಂಡಂಗ ಕಾಣ್ತದ ನೋಡ್ರಿ" ಎಂದಿದ್ದ. ನಾನು ಆಗಲೇ ದೃಷ್ಟಿಗೆಂದು ಒಂದು ಕಾಯಿ ತೆಗೆದಿಟ್ಟಿದ್ದೆ.

ತೆಂಗಿನಕಾಯಿಯನ್ನು ಕಾರಿನ ಸುತ್ತ ಮೂರು ಸಲ ಇಳಿ ತೆಗೆದೆ. ಮುಂದಿನ ಗಾಲಿಯ ಹತ್ತಿರ ಕಲ್ಲಿಟ್ಟಿದ್ದೆ. ಒಡೆಯಲೆಂದು ಕೈ ಎತ್ತಿದೆ. ಕೈ ಒದ್ದೆಯಿತ್ತು. ಕಾಯಿ ಮುಂದಕ್ಕೆ ಬರುವ ಬದಲು ಹಿಂದಕ್ಕೆ ಜಾರಿ, ಹಿಂದಿನ ಬಾಗಿಲಿನ ಗಾಜನ್ನು ಚೂರುಚೂರು ಮಾಡಿ, ಸೀಟಿನ ಮೇಲೆ ಸಾಹೇಬರ ಹಾಗೆ ಹೋಗಿ ಕೂತಿತು.

ಕಟ್ಟೆಯ ಮೇಲೆ ಕರೀ ಕನ್ನಡಕದಲ್ಲಿ ಕೂತಿದ್ದ ಅತ್ತೆ ಕೇಳಿದರು, "ಏನವ್ವ ಅದು ಸಪ್ಪಳ?"

"ದೃಷ್ಟಿ ಹೋತ್ರಿ ಅತ್ತಿ."

"ಭಾಳ ಜೋರ್ ಹೋತಲ್ಲವ್ವ!"

ಪಾಪ, ಕಣ್ಣು ಪೂರ್ತಿ ತಿಳಿಯಾಗಲು ಇನ್ನೂ ಹದಿನೈದು ದಿನ ಬೇಕೆಂದು ಡಾಕ್ಟರು ಹೇಳಿದ್ದರು. ನಾನು ಧೈರ್ಯವಾಗಿ ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲಿನ ಗುಂಡಿಗೆ ಹಾಕಿದೆ.

ಕಾಯಿಪಲ್ಲೆ ಚೀಲ ಹಿಡಿದು ಬಂದ ನಮ್ಮವರು ಕಾರು ನೋಡಿ ಚೀಲವನ್ನು ಅಲ್ಲೇ ಇಳಿಸಿದರು. "ಯಾರ್ ಮಾಡ್ಯಾರ ಇದನ್ನ?"

"ದೃಷ್ಟಿ ತಾಗಿ ಒಡದದ್ರಿ. ಮಲ್ಕಪ್ಪ ನಿನ್ನಿ ಹ್ಯಾಂಗ ನೋಡಿದ, ನೀವ ಇದ್ದಿರಲ್ಲ?" (ಇದರಲ್ಲಿ ಸುಳ್ಳೆಲ್ಲಿದೆ ಹೇಳಿ. ಅವನು ನೋಡದಿದ್ದರೆ ಕಾಯಿ ಅಲ್ಲಿಗೆ ಬರುತ್ತಲೇ ಇರಲಿಲ್ಲ.)

ಆದರೆ ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಬಸವಣ್ಣನ ಫೋಟೋ ನೋಡಲು ಆಗಲಿಲ್ಲ. ಬತ್ತಿಯನ್ನಷ್ಟೇ ನೋಡಿ ಕೈಮುಗಿದೆ. ಅತ್ತೆಯನ್ನು ಮಾತಾಡಿಸಲು ಓಣಿಯವರೆಲ್ಲ ದಿನಾಲೂ ಬರುತ್ತಿದ್ದರು, ಮಲ್ಕಪ್ಪನೂ ಬಂದ. ತಪ್ಪಿನ ಭಾರಕ್ಕೆ ಅವನ ಚಹಾಕ್ಕೆ ಅಂದಿನಿಂದ ದಿನಾಲೂ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದೆ. ಕಟ್ಟೆಯ ಮೇಲೆ ನಗೆಯೋ ನಗೆ. ಅತ್ತೆಗೆ ಇಷ್ಟು ಖುಷಿಯಾಗಿದೆಯಲ್ಲ ಎಂದು ನನಗೂ ಸಮಾಧಾನವಾಯಿತು.

ಈಗ ಗಾಜಿನ ಮಾತು. ಹೈದರಾಬಾದಿನಿಂದ ತರಿಸಿದರೆ ಹದಿನೈದು ದಿನ. ನನ್ನ ಬಸವಣ್ಣನಿಗೆ ಉಳಿದದ್ದು ಐದು ದಿನ. ಕೊನೆಗೆ ಸುಲ್ತಾನಸಾಬರ ಬಳಿಗೆ ಹೋದೆವು. ಗೋಡೆಯ ಮೇಲಿನ ದೇವರಿಗೂ ರಸ್ತೆಯ ಮೇಲಿನ ಲಾರಿಗೂ ಗಾಜು ಹಾಕುವವರು ಅವರೇ.

"ಹಳೀ ಗಾಡಿ ಗಾಜು ಸಪಾಟ ಇರ್ತದರಿ, ಚಿಂತಿ ಬ್ಯಾಡ. ಲಾರಿ ಮುಂದಿನ ಗಾಜಿನ ತುಣುಕು ಅದ, ಒಡದ್ರೂ ಚೂರಾಗಿ ಬೀಳಂಗಿಲ್ಲ. ಕಾಗದದಾಗ ಅಳತಿ ಕೊಯ್ದು ಕಳಸ್ರಿ" ಎಂದರು.

ಅಳತೆ ಎಂದ ಮೇಲೆ ನನ್ನ ಅಧಿಕಾರ. ಇಪ್ಪತ್ತು ವರ್ಷದಿಂದ ಓಣಿಯ ಹೆಂಗಸರ ಕುಪ್ಪಸಗಳೆಲ್ಲ ನನ್ನ ಕೈಯಲ್ಲೇ ಹೊಲಿಗೆಯಾಗಿವೆ. ನಮ್ಮವರು ಬಾಗಿಲಿನ ಒಳಹಲಗೆ ಬಿಚ್ಚಿ, ತಿರುಪುಗಳನ್ನು ನನ್ನ ಸಾಸಿವೆ ಬಟ್ಟಲಿಗೆ ಹಾಕುತ್ತ, "ಸರಿಯಾಗಿ ತಗೀತಿಯೇನು?" ಎಂದರು.

"ಓಣಿ ಚಂದಮ್ಮನ ಅಷ್ಟಗಲ ಬೆನ್ನಿಗೆ ಅಳತಿ ತಗದಾಕಿಗೆ ಈ ಬಾಗಿಲ ಯಾವ ಲೆಕ್ಕ?" ಎಂದು ಕಾರಿನ ಇನ್ನೊಂದು ಬದಿಯ ಬಾಗಿಲಿನ ಗಾಜಿನ ಮೇಲೆ ಪೇಪರ್ ಹಿಡಿದು ಗೆರೆ ಹಾಕಿ, ಕತ್ತರಿಸಿ ಕೊಟ್ಟೆ.

ಭಾನುವಾರ ಸುಲ್ತಾನಸಾಬರು ಗಾಜನ್ನು ಕೂಸಿನ ಹಾಗೆ ಹಳೇ ಚಾದರದಲ್ಲಿ ಸುತ್ತಿ ತಂದರು. ಬಾಗಿಲಿನ ಸಂದಿಗೆ ಇಳಿಸಲು ನೋಡಿದರು. ಇಳಿಯಲಿಲ್ಲ. ಅಡ್ಡ ಮಾಡಿದರು, ಓರೆ ಮಾಡಿದರು, ಅಲ್ಲಾನನ್ನು ನೆನೆದರು. ನಾನು ಬಸವಣ್ಣನನ್ನು ನೆನೆದೆ. ಗಾಜು ಯಾರ ಮಾತೂ ಕೇಳಲಿಲ್ಲ.

"ಅಕ್ಕಾರ, ಸುತ್ತಲೂ ಎರಡೆರಡು ಬೆರಳು ಜಾಸ್ತಿ ಅದರಿ."

"ಜಾಸ್ತಿ ಇರಬೇಕಲ್ರಿ, ಹೊಲಿಗಿಗೆ ಬಿಟ್ಟೀ..." ಎಂದವಳು ಅಲ್ಲೇ ನಾಲಗೆ ಕಚ್ಚಿಕೊಂಡೆ.

ನಮ್ಮವರು ಗಂಭೀರವಾಗಿ, "ಬರೋಬ್ಬರಿ ಮಾಡ್ಯಾಳ ಬಿಡ್ರಿ ಸಾಬರ. ಮುಂದ ಕಾರು ದಪ್ಪ ಆದ್ರ ಬಿಚ್ಚಿ ಸಡಿಲ ಮಾಡಬೇಕಲ್ಲ!" ಎಂದರು.

ನನಗೆ ಅಳು ಬಂತು. ಅವರ ಚೇಷ್ಟೆಗೆ ಅಲ್ಲ. ನಾಳೆಯೇ ಸೋಮವಾರ. ಕಿಟಕಿಗೆ ಗಾಜಿಲ್ಲದ ಕಾರಿನಲ್ಲಿ ಹಸೀ ಕಣ್ಣಿನ ಮುದುಕಿಯನ್ನು ಹೇಗೆ ಕರೆದೊಯ್ಯುವುದು? ಸುಳ್ಳು ಹೇಳಿದವಳ ಹರಕೆಯನ್ನು ಬಸವಣ್ಣ ಬೇಡವೆಂದನೇ?

ನನ್ನ ಮುಖ ನೋಡಿ ಸುಲ್ತಾನಸಾಬರು, "ಜಾಸ್ತಿ ಇದ್ದದ್ದನ್ನ ಕಡಿಮಿ ಮಾಡಬಹುದ್ರಿ ಅಕ್ಕಾರ, ಕಡಿಮಿ ಇದ್ದಿದ್ರ ನಾ ಎಲ್ಲಿಂದ ತರ್ತಿದ್ದೆ?" ಎಂದು ಅಂಗಳದಲ್ಲೇ ಗಾಜು ಹಾಸಿಕೊಂಡು ಕೂತರು. ಮಧ್ಯಾಹ್ನದ ತನಕ ಕೊಯ್ದರು, ನೀರು ಹಾಕಿ ಅಂಚು ತಿಕ್ಕಿದರು. ಒಳಗೆ ಉಳಿದ ಹಳೇ ಚೂರು ತೆಗೆಯಲು ಬಾಗಿಲಿನ ಹೊಟ್ಟೆಗೆ ಕೈ ಹಾಕಿದವರು ಒಂದು ಹಿಡಿ ತೆಂಗಿನ ನಾರು ಎಳೆದು ತೆಗೆದು, "ದೃಷ್ಟಿಗೆ ಜುಟ್ಟು ಇತ್ತೇನ್ರಿ?" ಎಂದು ಕೇಳಿದರು.

ನಾನು ಚಹಾ ಮಾಡಲು ಒಳಗೆ ಓಡಿದೆ.

ಗಾಜು ಕೂತಿತು. ಹಿಡಿಕೆ ತಿರುಗಿಸಿದರೆ ಏರಿತು, ಇಳಿಯಿತು. ಸೋಮವಾರ ಬೆಳಿಗ್ಗೆ ಅತ್ತೆಯನ್ನು ಅದೇ ಕಿಟಕಿಯ ಪಕ್ಕ ಕೂರಿಸಿ ಹೊರಟೆವು. ಸುರಪುರ ದಾಟಿತು. ಹೊರಗೆ ಧೂಳು, ಒಳಗೆ ತಂಪು. ಅತ್ತೆ ಗಾಜಿಗೆ ಹಣೆ ತಾಗಿಸಿ ಕೂತಿದ್ದರು. ಕಾಲುವೆ ಈ ಸೀಮೆಗೆ ಬರುವಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ಅವರು ನೋಡಿದ್ದ ಹೊಲಗಳಲ್ಲಿ ಜೋಳವಷ್ಟೇ ಇತ್ತು.

"ಇದೆಲ್ಲಾ ನೆಲ್ಲೇನೋ ಭಗವಂತ? ಇಷ್ಟ್ ಹಸರ?"

"ಹೌದವ್ವ, ಎಲ್ಲಾ ನೆಲ್ಲ."

ಅವರು ಸೆರಗಿನಿಂದ ಕೆನ್ನೆ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. "ಅತ್ತಿ, ನಾ ಒಂದು ತಪ್ಪು ಮಾಡೀನ್ರಿ. ಆ ಗಾಜು..."

"ಕಾಯಿ ಹಾರಿದ್ದೇನು?" ಎಂದರು ಅತ್ತೆ, ಗದ್ದೆಯಿಂದ ಕಣ್ಣು ಕೀಳದೆ. "ಈ ಹೊಸಾ ಕಣ್ಣಿಗೆ ಮೊದಲ ಸ್ವಚ್ಛ ಕಂಡಿದ್ದ ಅದವ್ವ. ಜುಟ್ಟ ಸಹಿತ ಕಂಡದ! ಕಣ್ಣು ಹ್ಯಾಂಗ ಕಾಣ್ತಾವ ಅಂತ ಕೇಳಿದವರಿಗೆಲ್ಲ ಅದನ್ನ ಹೇಳೀನಿ."

"ಎಲ್ಲರಿಗೂ?"

"ಮಲ್ಕಪ್ಪಗ ಎರಡು ಸಲ ಹೇಳೀನಿ" ಎಂದರು. ಸ್ಟೇರಿಂಗ್ ಹಿಡಿದ ನಮ್ಮವರ ಹೆಗಲು ಕುಣಿಯುತ್ತಿತ್ತು.

(ಎರಡು ಚಮಚ ಸಕ್ಕರೆ! ದಿನಾಲೂ!)

ಕೊಡೇಕಲ್ಲಿನಲ್ಲಿ ಗುಡಿಯ ಮುಂದೆ ಇಳಿದೆವು. ಅತ್ತೆ ಚೀಲದಿಂದ ಕಾಯಿ ತೆಗೆದು, ತಾವೇ ಒಡೆಯುವ ಬದಲು ನನ್ನ ಕೈಯಲ್ಲಿಟ್ಟರು. ನನ್ನ ಒದ್ದೆ ಕೈಯನ್ನು ತಮ್ಮ ಸೆರಗಿನಿಂದ ಒರೆಸಿದರು.

"ಹರಕಿ ನಿಂದು, ಕಣ್ಣು ನಂದು. ನೀನ ಒಡಿ, ನಾ ನೋಡ್ತೀನಿ."

ನಾನು ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದೆ. ಕೈ ಎತ್ತುವ ಮೊದಲು ಹಿಂದೆ ಗುರ್ ಎಂದು ಸಪ್ಪಳವಾಯಿತು. ತಿರುಗಿ ನೋಡಿದರೆ, ನಮ್ಮವರು ಕಾರನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಊರಾಚೆಯ ಬೇವಿನ ಮರದ ತನಕ ತೆಗೆದುಕೊಂಡು ಹೋಗುತ್ತಿದ್ದರು.