ಅರವತ್ತು, ಎಂಬತ್ತು, ಒಟ್ಟು ನೂರು

ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅದರ ವಿಷಯದಲ್ಲಿ ಎಲ್ಲರೂ ಪಂಡಿತರು. ಯುದ್ಧದ ವರ್ಷಗಳಲ್ಲಿ ನಾನು ರಾಯಚೂರಿನ ಪವರ್ ಹೌಸಿನಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದಾಗ ಇಂಥ ಪಂಡಿತರು ವಾರಕ್ಕೊಬ್ಬರಾದರೂ ಸಿಗುತ್ತಿದ್ದರು. ಹುಡುಕಿಕೊಂಡು ಹೋಗುವ ಶ್ರಮವಿರಲಿಲ್ಲ. ಹೆಚ್ಚಿನವರು ನಮ್ಮ ಕಚೇರಿಯಲ್ಲೇ ಇದ್ದರು.

೧. ಕೂಡಿಸುವ ಲೆಕ್ಕ

ನಮ್ಮ ಎರಡು ಜನರೇಟರುಗಳಲ್ಲಿ ಒಂದು ಕೆಟ್ಟು ಕೂತಿತ್ತು. ಇನ್ನೊಂದರ ಹೊರುವ ಸಾಮರ್ಥ್ಯ ನೂರು. ಕಿಲೋವಾಟ್ ಮೀಟರು ಅರವತ್ತು ತೋರಿಸುತ್ತಿತ್ತು. ಪವರ್ ಹೌಸಿನ ಮುಖ್ಯಸ್ಥರಾದ ದೊಡ್ಡ ಸಾಹೇಬರು ಇದನ್ನು ನೋಡಿ, ಉಳಿದ ನಲವತ್ತನ್ನು ಹೊಸ ಎಣ್ಣೆ ಗಿರಣಿಯೊಂದಕ್ಕೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟರು.

ಯಂತ್ರದ ಮೈಮೇಲೆ ಕೈ ಇಡಲಾಗುತ್ತಿರಲಿಲ್ಲ, ಅಷ್ಟು ಬಿಸಿ. ಅದು ಆಗಲೇ ತುಂಬಿತ್ತು. ಊರಿನ ಗಿರಣಿಗಳ ಮೋಟಾರು ತನ್ನೊಳಗಿನ ಕಬ್ಬಿಣವನ್ನು ಆಯಸ್ಕಾಂತ ಮಾಡಿಕೊಳ್ಳಲು ಒಂದಿಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ, ಮರುಕ್ಷಣ ಹಿಂದಕ್ಕೆ ತಳ್ಳುತ್ತದೆ. ಈ ಓಡಾಟದಿಂದ ಕೆಲಸವೇನೂ ಆಗುವುದಿಲ್ಲ, ಕಿಲೋವಾಟ್ ಮೀಟರಿಗೆ ಅದು ಕಾಣುವುದೂ ಇಲ್ಲ; ತಂತಿ ಮಾತ್ರ ಬಿಸಿಯಾಗುತ್ತದೆ. ಹೊಸ ಗಿರಣಿ ಸೇರಿದರೆ ಯಂತ್ರದ ವೈಂಡಿಂಗ್, ಅಂದರೆ ಒಳಗಿನ ತಾಮ್ರದ ಸುರುಳಿ, ಸುಡುತ್ತಿತ್ತು. ಯುದ್ಧಕಾಲದಲ್ಲಿ ಬೇರೆ ತಾಮ್ರ ಸಿಗುವ ಮಾತೇ ಇರಲಿಲ್ಲ. ನಾನು ಕಡತದಲ್ಲಿ ಬರೆದೆ: ‘ಕೆಲಸ ಮಾಡುವುದು ಅರವತ್ತು, ಮಾಡದ್ದು ಎಂಬತ್ತು, ಒಟ್ಟು ನೂರು. ಜಾಗವಿಲ್ಲ.’

ಕಚೇರಿಯ ಪೇಶಕಾರರು ಮಾನ್ವಿಯ ಆಚಾರರು. ಮೂವತ್ತು ವರ್ಷದ ಗುಮಾಸ್ತಿಕೆಯಲ್ಲಿ ಒಂದು ಮೊತ್ತವನ್ನೂ ತಪ್ಪಿದವರಲ್ಲ. ಅವರು ಮೂರು ಸಲ ಕೂಡಿಸಿ ನೋಡಿ, ನನ್ನ ನೂರನ್ನು ಹೊಡೆದು ಕೆಂಪು ಮಸಿಯಲ್ಲಿ ನೂರಾ ನಲವತ್ತು ಎಂದು ತಿದ್ದಿದರು.

ಸಾಹೇಬರು ನನ್ನನ್ನು ಕರೆಸಿದರು. “ಏನ್ರೀ ಇದು? ಅರವತ್ತಕ್ಕ ಎಂಬತ್ತು ಕೂಡಿದ್ರ ನೂರಾ?”

“ಹೌದ್ರಿ ಸಾಹೇಬ್ರ. ಅವೆರಡೂ ಒಂದ ದಿಕ್ಕಿನ್ಯಾಗ ಇಲ್ರಿ. ಒಂದಕ್ಕೊಂದು ಅಡ್ಡ ಅದಾವ.”

“ಮಾನ್ವಿಯಿಂದ ಅರವತ್ತು ಮಂದಿ, ದೇವದುರ್ಗದಿಂದ ಎಂಬತ್ತು ಮಂದಿ ಊಟಕ್ಕ ಬಂದ್ರ, ದಿಕ್ಕು ಬ್ಯಾರೆ ಅಂತ ನೂರ ಎಲಿ ಹಾಕ್ತೀರೇನು?”

ಪೇಶಕಾರರ ಮುಖ ಬಾಡಿತು. “ಹಂಗೇನರ ಮಾಡಿದ್ರ ನಮ್ಮ ಮಾನ್ವಿ ಮಂದೀನ ಉಪಾಸ ಏಳ್ತಾರ್ರಿ,” ಎಂದರು.

೨. ಬಯಲಿನಲ್ಲಿ ಪ್ರಯೋಗ

ಸಾಹೇಬರು ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ನನ್ನ ಲೆಕ್ಕ ಸರಿಯೆಂದು ತೋರಿಸಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಿ ಹೈದರಾಬಾದಿನ ರೈಲು ಹತ್ತಬೇಕು. ನಾನಿನ್ನೂ ಖಾಯಂ ಆಗಿರಲಿಲ್ಲ. ಕೈಯಲ್ಲಿ ಡಿಗ್ರಿ ಇತ್ತು. ಅದನ್ನು ಇದುವರೆಗೆ ಯಾರೂ ತೋರಿಸು ಎಂದಿರಲಿಲ್ಲ.

ನೆಲದ ಮೇಲೆ ತೋರಿಸಿದರೆ ತಿಳಿದೀತು ಎಂದುಕೊಂಡೆ. ಪವರ್ ಹೌಸಿನ ಎದುರಿನ ಬಯಲಿಗೆ ಸಾಹೇಬರನ್ನು ಕರೆದೊಯ್ದು ಹೇಳಿದೆ: ಇಲ್ಲಿಂದ ಪೂರ್ವಕ್ಕೆ ಅರವತ್ತು ಹೆಜ್ಜೆ, ಅಲ್ಲಿಂದ ಉತ್ತರಕ್ಕೆ ಎಂಬತ್ತು. ಆಮೇಲೆ ನೆಟ್ಟಗೆ ಇಲ್ಲಿಗೆ ವಾಪಸು ಬಂದರೆ ನೂರೇ ಹೆಜ್ಜೆ. ವಿದ್ಯುತ್ತಿನ ಲೆಕ್ಕವೂ ಇಷ್ಟೇ.

ನಾನು ನಡೆದರೆ ಮೋಸ ಮಾಡಬಹುದೆಂದು ಸಾಹೇಬರು ಪೇಶಕಾರರನ್ನು ಕಳಿಸಿದರು. ಅವರು ಧೋತರ ಎತ್ತಿ ಕಟ್ಟಿ, ಕೊಡೆ ಹಿಡಿದು, ಬಾಯಲ್ಲಿ ಎಣಿಸುತ್ತ ಹೋದರು. ಬಹಳ ಹೊತ್ತಿನ ಮೇಲೆ ಬೆವರೊರೆಸಿಕೊಳ್ಳುತ್ತ ಬಂದರು.

“ಎಷ್ಟಾತು?”

“ವಾಪಸು ಬರೂದು ನೂರಾ ಮೂವತ್ತೆರಡು.”

“ನೆಟ್ಟಗ ಬಂದ್ರೇನ್ರಿ?” ಎಂದೆ ನಾನು.

“ನೆಟ್ಟಗ ಹೆಂಗ ಬರೂದ್ರಿ? ನಡುವ ಜಾಲಿ ಕಂಟಿ ಅದ. ಅದನ್ನ ಸುತ್ತಿ ಬಂದ್ರ ಯಾರೋ ಹೆಣ್ಮಕ್ಳು ಸಂಡಿಗಿ ಒಣಗ ಹಾಕ್ಯಾರ. ತುಳಿಲಾಕ ಬರ್ತದೇನ್ರಿ?”

ಸಾಹೇಬರು ನನ್ನ ಕಡೆ ತಿರುಗಿದರು. “ಹೇಳ್ರಿ ಈಗ. ನೂರಾ ಮೂವತ್ತೆರಡು ನಿಮ್ಮ ನೂರಕ್ಕ ಸಮೀಪ ಅದನೋ, ಪೇಶಕಾರರ ನೂರಾ ನಲವತ್ತಕ್ಕೋ?”

ಗ್ರೀಕರ ಕಾಲದಿಂದ ಸರಿಯಾಗಿಯೇ ಇದ್ದ ಒಂದು ಲೆಕ್ಕ ರಾಯಚೂರಿನಲ್ಲಿ ಒಂದು ಚಾಪೆ ಸಂಡಿಗೆಗೆ ಸೋತಿತು.

೩. ಮನೆತನದ ಮೋಟಾರು

ಕೆಲಸ ಮಾಡದ ಎಂಬತ್ತು ಎಲ್ಲಿ ಹೋಗುತ್ತಿದೆ ಎಂದು ಹುಡುಕಿಕೊಂಡು ಹೊರಟೆ. ಅದರಲ್ಲಿ ಅರ್ಧ ಒಂದೇ ಕಡೆ ಸಿಕ್ಕಿತು. ಸ್ಟೇಶನ್ ಹತ್ತಿರದ ಹತ್ತಿ ಜಿನ್ನಿಂಗ್ ಗಿರಣಿ. ಮಾಲೀಕರು ದೇವದುರ್ಗದ ಸಾಹುಕಾರರು. ಹತ್ತಿಯಿಂದ ಬೀಜ ಬಿಡಿಸುವ ಹತ್ತು ಜಿನ್ನುಗಳನ್ನು ತಿರುಗಿಸಬಲ್ಲ ಮೋಟಾರಿಗೆ ಎರಡೇ ಜಿನ್ನು ಕಟ್ಟಿದ್ದರು. ಮೋಟಾರಿಗೆ ಕುಂಕುಮ ಹಚ್ಚಿ ಹಾರ ಹಾಕಿತ್ತು.

“ಸಾಹುಕಾರ್ರ, ಎರಡು ಜಿನ್ನಿಗೆ ಇಷ್ಟು ದೊಡ್ಡದು ಯಾಕ್ರಿ?”

“ಸಣ್ಣದು ಕೂಡಿಸಿ ದೇವದುರ್ಗದಾಗ ಮಾರಿ ಹೆಂಗ ತೋರಿಸಲಿ?”

“ಇದು ಇಪ್ಪತ್ತರ ಕೆಲಸ ಮಾಡಿ ನಲವತ್ತು ಸುಮ್ನ ಜಗ್ಗಾಡ್ತದ್ರಿ.”

“ಜಗ್ಗಲಿ ಬಿಡ್ರಿ. ಆಳು ದೊಡ್ಡಾಂವ, ಹಸಿವೂ ದೊಡ್ಡದು.”

“ಹತ್ತಿ ಇಲ್ದಾಗರ ನಿಲ್ಲಸ್ರಿ.”

ಸಾಹುಕಾರರು ನನ್ನನ್ನು ಮೂಲೆಗೆ ಕರೆದು ದನಿ ತಗ್ಗಿಸಿದರು. “ಮಗಳಿಗೆ ವರ ನೋಡಾಕತ್ತೀನ್ರಿ. ಹುಡುಗನ ಕಡ್ಯಾವ್ರು ಯಾವ ಹೊತ್ತಿನ್ಯಾಗರ ಬರ್ತಾರ. ಬಂದಾಗ ಮೋಟಾರು ನಿಂತಿದ್ರ ಗಿರಣಿ ಮುಳುಗ್ಯದ ಅಂತಾರ.”

“ಮತ್ತ ಅವರು ಬಂದು ನೋಡಿ ಹೋಗಿಲ್ಲೇನ್ರಿ?”

“ಎರಡು ಸಲ ಬಂದಾರ. ಆದ್ರ ಹುಡುಗನ ಅಪ್ಪ ಭಾಳ ಚೌಕಾಶಿ ಮನುಷಾ. ಲಿಂಗಸೂರಿನ್ಯಾಗ ಒಂದು ಮೋಟಾರು ನೋಡಾಕ ಹೋಗ್ಯಾನ.”

೪. ಮಡಿ ಡಬ್ಬಿ

ಇದಕ್ಕೆ ಔಷಧ ಇತ್ತು. ಕೆಪಾಸಿಟರ್ ಎಂಬ ಡಬ್ಬಿ. ಮೋಟಾರು ಎಳೆದು ತಳ್ಳುವ ವಿದ್ಯುತ್ತನ್ನು ಅದು ಪಕ್ಕದಲ್ಲೇ ನಿಂತು ಕೊಟ್ಟು ತೆಗೆದುಕೊಳ್ಳುತ್ತದೆ. ಪವರ್ ಹೌಸಿನವರೆಗೆ ಓಡಾಟ ತಪ್ಪುತ್ತದೆ. ಯುದ್ಧದ ಕಾಲದಲ್ಲಿ ಅದನ್ನು ತರಿಸುವುದು ಕನಸು. ಆದರೆ ಹಳೆಯ ಸಾಮಾನು ಪಟ್ಟಿ ತಿರುವಿದಾಗ ನಮ್ಮದೇ ಉಗ್ರಾಣದಲ್ಲಿ ಒಂದಿದೆ ಎಂದು ಗೊತ್ತಾಯಿತು. ಸಾಮರ್ಥ್ಯವೂ ಸರಿಯಾಗಿ ನಲವತ್ತು. ಹಿಂದಿನವರು ಯಾರೋ ತರಿಸಿ, ಏನೆಂದು ತಿಳಿಯದೆ ಬಿಟ್ಟು ಹೋಗಿದ್ದರು.

ಓಡಿಹೋಗಿ ನೋಡಿದೆ. ಕಪಾಟಿನಷ್ಟು ದೊಡ್ಡ ಕಬ್ಬಿಣದ ಡಬ್ಬಿ. ಅದರ ಮೇಲೆ ಒದ್ದೆ ಧೋತರ ಹರವಿತ್ತು.

“ಮುಟ್ಟಬ್ಯಾಡ್ರಿ! ಮಡಿ ಅದ!” ಎಂದು ಹಿಂದಿನಿಂದ ಪೇಶಕಾರರು ಕೂಗಿದರು.

“ಆಚಾರ್ರ, ಇದು ಸರಕಾರದ ಡಬ್ಬಿ.”

“ಇರಬಹುದ್ರಿ. ಹನ್ನೊಂದು ವರ್ಷದಿಂದ ನನ್ನ ಧೋತರ ಇದರ ಮ್ಯಾಲ ಒಣಗ್ತದ. ಇದನ್ನ ಒಯ್ದ್ರ ನಾ ಎಲ್ಲಿ ಹೋಗ್ಲಿ?”

ಬೇರೆ ಜಾಗ ತೋರಿಸಿದೆ. ನಾಲ್ಕು ದಿನ ವಿಚಾರ ಮಾಡಿ ಒಪ್ಪಿದರು. ಡಬ್ಬಿ ಎತ್ತಿನ ಬಂಡಿಯಲ್ಲಿ ಗಿರಣಿಗೆ ಹೋಗುವಾಗ ಅದರ ಸುತ್ತ ಒಂದು ಸಲ ನೋಡಿ ಕೇಳಿದರು: “ಇದು ತಿರುಗ್ತದೇನ್ರಿ?”

“ಇಲ್ಲ.”

“ಸಪ್ಪಳ ಮಾಡ್ತದೇನು?”

“ಇಲ್ಲ.”

“ಹಂಗಾರ ಇಲ್ಲೇ ಇದ್ರ ಧೋತರನಾದ್ರೂ ಒಣಗತಿತ್ತು.”

೫. ಹುಜೂರರ ಮುಂದೆ

ತಿಂಗಳು ಮುಗಿಯಲು ಎರಡು ದಿನವಿತ್ತು. ಡಬ್ಬಿ ಹಚ್ಚಿದರೆ ಕೆಲಸ ನಿಲ್ಲದೆಯೇ ಗಿರಣಿ ಎಳೆಯುವ ವಿದ್ಯುತ್ತು ಇಳಿಯುತ್ತದೆ, ಅದೇ ನನ್ನ ಲೆಕ್ಕಕ್ಕೆ ಪುರಾವೆ ಎಂದು ಹೇಳಿದ್ದೆ. ನನ್ನ ಸೋಲಿಗೆ ಸಾಕ್ಷಿ ಇರಲಿ ಎಂದು ಸಾಹೇಬರು ಜಿಲ್ಲೆಯ ದೊಡ್ಡ ಅಧಿಕಾರಿಗಳಾದ ತಾಲ್ಲೂಕದಾರರನ್ನೇ ಗಿರಣಿಗೆ ಕರೆತಂದರು. ಸಾಹುಕಾರರು ಸ್ವಾಗತಕ್ಕೆ ದೇವದುರ್ಗದಿಂದ ಬಾಜಾ ತರಿಸಿದ್ದರು. ಡೋಲು, ಶಹನಾಯಿ, ಕಿವಿ ಗಡಚಿಕ್ಕುವಂತೆ.

ಗಿರಣಿಗೆ ಬರುವ ವಿದ್ಯುತ್ತನ್ನು ತೋರಿಸುವ ಮುಳ್ಳು ಪಡಸಾಲೆಯ ಗೋಡೆಯ ಮೇಲಿತ್ತು. ಎಲ್ಲರೂ ಅದರ ಎದುರು ಕುರ್ಚಿ ಹಾಕಿ ಕೂತರು. ನಾನು ಹಿಂದಿನ ಕೋಣೆಯಲ್ಲಿ ಡಬ್ಬಿಯ ಬಳಿ ನಿಂತು, “ಮುಳ್ಳು ಈಗ ಇಳೀತದ, ನೋಡ್ರಿ!” ಎಂದು ಕೂಗಿ ಸ್ವಿಚ್ಚು ಹಾಕಿದೆ.

“ಏರ್ತು!” ಎಂದರು ಸಾಹೇಬರು. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ಕೇಳಿರಲಿಲ್ಲ.

ಹೊರಗೆ ಓಡಿ ಬಂದೆ. ನಿಜವಾಗಿಯೂ ಏರಿತ್ತು. ಅಷ್ಟರಲ್ಲಿ ಬಾಜಾದವರು ದಮ್ಮು ತೆಗೆದುಕೊಳ್ಳಲು ನಿಲ್ಲಿಸಿದರು. ಆಗ ಗೊತ್ತಾಯಿತು, ಗಿರಣಿಯಲ್ಲಿ ಬೇರೆ ಸದ್ದೇ ಇಲ್ಲ.

“ಸಾಹುಕಾರ್ರ, ಮೋಟಾರು ಎಲ್ರಿ?”

“ನಿಲ್ಲಸೀನ್ರಿ. ಹುಜೂರರಿಗೆ ಬಾಜಾ ಕೇಳಿಸಬ್ಯಾಡೇನು?”

ಮೋಟಾರಿಲ್ಲದೆ ಡಬ್ಬಿಯೊಂದನ್ನೇ ಹಚ್ಚಿದರೆ ಅದರ ಓಡಾಟವೇ ಪವರ್ ಹೌಸಿನವರೆಗೆ ಹೋಗುತ್ತದೆ. ಮುಳ್ಳು ಏರದೆ ಇನ್ನೇನು? ಇದನ್ನು ವಿವರಿಸುತ್ತ ನಿಲ್ಲಲಿಲ್ಲ. “ಹಚ್ರೀ ಮೋಟಾರು!” ಎಂದು ಅರಚಿದೆ.

ಮೋಟಾರು ಗುಡುಗಿತು. ಮುಳ್ಳು ಒಮ್ಮೆ ಕೊನೆಯವರೆಗೆ ಹಾರಿ, ನಡುಗಿ, ನಿಧಾನವಾಗಿ ಇಳಿಯಿತು. ಇಳಿಯುತ್ತ ಬಂದು ಡಬ್ಬಿಯೊಂದೇ ಇದ್ದಾಗ ತೋರಿಸಿದ್ದರ ಅರ್ಧಕ್ಕೆ ನಿಂತಿತು. ಹತ್ತಿಯೂ ಬರುತ್ತಿತ್ತು, ಎರಡೂ ಜಿನ್ನು ತಿರುಗುತ್ತಿದ್ದವು.

ತಾಲ್ಲೂಕದಾರರು ಎದ್ದು ಹತ್ತಿರ ಹೋಗಿ ನೋಡಿದರು. “ಡಬ್ಬಿ ಹಚ್ಚಿದ್ರ ಏರ್ತು. ಮೋಟಾರು ಹಚ್ಚಿದ್ರ ಅರ್ಧ ಇಳೀತು. ಅಂದ್ರ ಬಿಜಲಿ ಉಳಸೂದು ಯಾವುದು?”

“ಮೋಟಾರು, ಹುಜೂರ್,” ಎಂದರು ನಮ್ಮ ಸಾಹೇಬರು, ಒಂದು ಕ್ಷಣವೂ ತಡಮಾಡದೆ.

“ಶಾಭಾಸ್ ಸಾಹುಕಾರ್! ಇದನ್ನ ಎಂದೂ ನಿಲ್ಲಸಬ್ಯಾಡ್ರಿ.”

ನಾನು ಬಾಯಿ ತೆರೆದೆ. ಪೇಶಕಾರರು ನನ್ನ ಕಾಲು ತುಳಿದು ಪಿಸುಗುಟ್ಟಿದರು: “ತಮ್ಮಾ, ಮುಳ್ಳು ಇಳದದ, ಹುಜೂರರು ನಕ್ಕಾರ. ಇನ್ನ ಲೆಕ್ಕ ತಗದಿ ಅಂದ್ರ ಹೈದರಾಬಾದಿನ ಗಾಡಿ ನಾಕೂವರಿಗೆ ಅದ ನೋಡು.”

ಡಬ್ಬಿಯನ್ನು ಬಿಚ್ಚಬೇಡಿ, ಅದಕ್ಕೆ ಮೋಟಾರು ಒಗ್ಗಿದೆ ಎಂದಷ್ಟೇ ಹೇಳಿದೆ. ಪವರ್ ಹೌಸಿನ ಯಂತ್ರ ನೂರರಿಂದ ಎಪ್ಪತ್ತೆರಡಕ್ಕೆ ಇಳಿದು, ಸಂಜೆಗೆ ಮೈ ಮುಟ್ಟುವಷ್ಟು ತಣ್ಣಗಾಗಿತ್ತು.

ಮರುವಾರ ನನ್ನ ಖಾಯಂ ಆದೇಶ ಬಂತು. ಸಾಹೇಬರ ಷರಾ ಕೆಳಗೇ ಇತ್ತು: ‘ಇಂಜಿನಿಯರಿಂಗ್ ಸಾಧಾರಣ. ಕೈಗುಣ ಚೆನ್ನಾಗಿದೆ.’